ಹೊಸ ಕಾವಲಿಯನ್ನು ಪಳಗಿಸುವುದು

ಕನ್ನಡದಲ್ಲಿ ‘ಪಳಗಿಸು’ ಎಂಬ ಮಾತನ್ನು ನಾವು ಎರಡು ಕಡೆ ಬಹಳ ಸಹಜವಾಗಿ ಬಳಸುತ್ತೇವೆ. ಒಂದು, ಕಾಡಿನಿಂದ ಹಿಡಿದು ತಂದ ಆನೆಯ ವಿಚಾರದಲ್ಲಿ. ಇನ್ನೊಂದು, ಅಂಗಡಿಯಿಂದ ಕೊಂಡು ತಂದ ಕಾವಲಿಯ ವಿಚಾರದಲ್ಲಿ. ದುಬಾರೆಯಲ್ಲಿಯೋ ಸಕ್ರೆಬೈಲಿನಲ್ಲಿಯೋ ಆನೆ ಪಳಗಿಸುವವನನ್ನು ನೋಡಲು ಊರೂರುಗಳಿಂದ ಜನ ಬರುತ್ತಾರೆ. ಕಾವಲಿ ಪಳಗಿಸುವವರನ್ನು ನೋಡಲು ಯಾರೂ ಬರುವುದಿಲ್ಲ. ಅಡುಗೆಮನೆಯ ಹೊಗೆಯಲ್ಲಿ ನಿಂತು ಮಾಡುವ ಆ ಕೆಲಸಕ್ಕೂ ಒಂದು ಕ್ರಮವುಂಟು, ಆ ಕ್ರಮದ ಹಿಂದೆ ಕಾರಣವುಂಟು ಎಂಬುದು, ಬೆಳಗಿನ ದೋಸೆ ಕಾವಲಿಯನ್ನು ಕಚ್ಚಿ ಹಿಡಿದುಕೊಂಡಾಗ ಮಾತ್ರ ನಮ್ಮ ನೆನಪಿಗೆ ಬರುತ್ತದೆ. ಶ್ರೋತೃಗಳೇ, ಈ ಹೊತ್ತು ನಾನು ತಮ್ಮ ಮುಂದೆ ಹೇಳಹೊರಟಿರುವುದು ಆ ಕ್ರಮವನ್ನು ಮತ್ತು ಆ ಕಾರಣವನ್ನು.

ಮೊದಲು ಯಾವ ಕಾವಲಿ ಎಂಬುದನ್ನು ಗೊತ್ತು ಮಾಡಿಕೊಳ್ಳೋಣ. ಕೆಲವರಿಗೆ ಅದು ದೋಸೆ ಕಲ್ಲು, ಕೆಲವರಿಗೆ ಕಾವಲಿ. ಜೋಳದ ರೊಟ್ಟಿಯ ಸೀಮೆಯಲ್ಲಿ ಹಂಚು. ಪಟ್ಟಣದ ಅಂಗಡಿಯಲ್ಲಿ ತವಾ. ಹೆಸರು ಯಾವುದಾದರೂ ಆಗಲಿ, ಅದು ಕಬ್ಬಿಣದ್ದಾಗಿದ್ದರೆ ಪಳಗಿಸಬೇಕು. ಅಲ್ಯೂಮಿನಿಯಮ್ಮಿನದಕ್ಕೂ, ಅಂಟದ ಲೇಪ ಹಾಕಿ ಮಾರುವ ನಾನ್‌ಸ್ಟಿಕ್ ತವಾಕ್ಕೂ ಈ ಮಾತು ಸಲ್ಲದು. ಲೇಪದ ತವಾವನ್ನು ಬರಿದಾಗಿ ಉರಿಯ ಮೇಲಿಟ್ಟು ಹೊಗೆಯಾಡುವಷ್ಟು ಕಾಸುವುದಂತೂ ಕೂಡದು. 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಲೇಪವೇ ಕೆಡತೊಡಗುತ್ತದೆ.

ಕಬ್ಬಿಣದ ಕಾವಲಿಯಲ್ಲಿಯೂ ಎರಡು ಜಾತಿ. ತಗಡನ್ನು ಬಡಿದೋ ಒತ್ತಿಯೋ ಮಾಡಿದ್ದು ಒಂದು. ಕರಗಿಸಿ ಅಚ್ಚಿಗೆ ಎರೆದದ್ದು ಇನ್ನೊಂದು. ಈ ಎರಡನೆಯದನ್ನೇ ಬೀಡು ಎನ್ನುವುದು. ಹಳೇಬೀಡಿನ ಬೀಡಿಗೂ ಇದಕ್ಕೂ ನಂಟು ಹುಡುಕುವುದು ಬೇಡ. ಅದು ನೆಲೆ, ಇದು ಲೋಹ. ಬೀಡಿನಲ್ಲಿ ಕಬ್ಬಿಣದೊಡನೆ ನೂರಕ್ಕೆ 2ರಿಂದ 4ರಷ್ಟು ಇಂಗಾಲ ಬೆರೆತಿರುತ್ತದೆ. ಶುದ್ಧ ಕಬ್ಬಿಣ ಕರಗಬೇಕಾದರೆ 1538 ಡಿಗ್ರಿ ಶಾಖ ಬೇಕು. ಬೀಡಿಗೆ 1200 ಡಿಗ್ರಿಯ ಆಸುಪಾಸು ಸಾಕು. ಆದಕಾರಣ ಅದನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವುದು ಸುಲಭ. ಆದರೆ ಆ ಇಂಗಾಲದ ದೆಸೆಯಿಂದಲೇ ಬೀಡು ಪೆಡಸು. ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದರೆ ತಗಡಿನ ಕಾವಲಿ ಸೊಟ್ಟಗಾಗುತ್ತದೆ, ಬೀಡಿನದು ಎರಡು ಹೋಳಾಗುತ್ತದೆ.

ಮರಳಿನ ಅಚ್ಚಿನಿಂದ ಬಂದ ಬೀಡಿನ ಮೈಯನ್ನು ಬೆರಳಿನಿಂದ ಸವರಿ ನೋಡಿ. ನುಣುಪೆಂದು ಕಂಡರೂ ಅದರ ತುಂಬ ಸಣ್ಣ ಸಣ್ಣ ತಗ್ಗು ದಿಣ್ಣೆಗಳು. ಹಿಟ್ಟು ಹುಯ್ದೊಡನೆ ಆ ತಗ್ಗುಗಳಿಗೆ ಇಳಿಯುತ್ತದೆ. ಉದ್ದಿನ ಹಿಟ್ಟಿನಲ್ಲಿರುವ ಸಾರ ಕಾಯ್ದ ಬರಿಯ ಲೋಹದೊಡನೆ ಬೆಸೆದುಕೊಳ್ಳುತ್ತದೆ. ಮಗುಚುವ ಕೈ ಎಷ್ಟು ನುರಿತದ್ದಾದರೂ ಆ ದೋಸೆ ಹರಿಯದೆ ಏಳುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣವುಂಟು. ನಮ್ಮ ಬೀದಿಯ ಒಂದು ಮನೆಗೆ ಕೆಲವು ವರ್ಷಗಳ ಕೆಳಗೆ ಸೊಸೆ ಬಂದಳು. ತವರಿನವರು ಕೊಟ್ಟ ಪಾತ್ರೆಗಳಲ್ಲಿ ಒಂದು ಹೊಸ ಬೀಡಿನ ಕಾವಲಿಯೂ ಇತ್ತು. ಅತ್ತೆಯವರು ಮೂವತ್ತು ವರ್ಷ ದೋಸೆ ಹುಯ್ದಿದ್ದ ಕಾವಲಿ, ಹಿಂದಿನ ವರ್ಷ ಅಡುಗೆಮನೆಗೆ ಹೊಸ ಕಲ್ಲು ಹಾಸಿಸುವಾಗ, ಕರಿ ಹಿಡಿದ ಹಳೆಯ ಸಾಮಾನೆಂದು ಗುಜರಿಯವನ ತಕ್ಕಡಿಗೆ ಹೋಗಿತ್ತು. ಹುಡುಗಿ ಹುಯ್ದ ದೋಸೆ ದಿನವೂ ಚೂರು ಚೂರು. “ಒಬ್ಬೊಬ್ಬರ ಕೈಗುಣ ಹಾಗೆ ಕಣ್ರೀ, ನಮ್ಮ ಸೊಸೆ ಕೈಲಿ ದೋಸೆ ಏಳೋದೇ ಇಲ್ಲ” ಎಂದು ಅತ್ತೆಯವರು ಬಂದವರೆದುರು ಹೇಳುವರು. ಅದನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳುತ್ತಿದ್ದರೆಂದು ನಾನು ತಿಳಿಯುವುದಿಲ್ಲ. ಆದರೆ ಕೇಳುವವಳು ಒಳಗೆ ಒಲೆಯ ಮುಂದೆ ನಿಂತಿರುತ್ತಿದ್ದಳು. ಒಂದು ದಿನ ಎದುರುಮನೆಯ ಅಜ್ಜಿ, ಎಂಬತ್ತರ ಮುದುಕಿ, ನೇರವಾಗಿ ಅಡುಗೆಮನೆಗೆ ಹೋಗಿ, “ಕೈಗುಣ ಹಾಗಿರಲಿ, ಕಾವಲಿ ತೋರಿಸೇ ಮಗಾ” ಎಂದರಂತೆ. ಉಗುರಿನಿಂದ ಒಂದು ಗೀರು ಎಳೆದು ನೋಡಿ, “ಇದು ಇನ್ನೂ ಹಸೀದು ಕಣಮ್ಮ. ಎಣ್ಣೆ ಕುಡಿದೇ ಇಲ್ಲ. ಇದರಲ್ಲಿ ನಾನು ಹುಯ್ದರೂ ಏಳೋದಿಲ್ಲ, ನಿಮ್ಮತ್ತೆ ಹುಯ್ದರೂ ಏಳೋದಿಲ್ಲ” ಎಂದರು. ಒಂದು ವಾರ ಅಜ್ಜಿ ಹೇಳಿದಂತೆ ಮಾಡಿದ ಮೇಲೆ ದೋಸೆ ಎದ್ದಿತು. ಆ ಹಿಂದಿನ ಒಂದು ತಿಂಗಳು ಹುಡುಗಿ ಕೇಳಿದ ಮಾತನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಭಕ್ಷ್ಯಗಳ ವಿಷಯದಲ್ಲಿ ನಮ್ಮ ನಾಡಿಗೆ ಬರೆದಿಟ್ಟ ಗ್ರಂಥಗಳ ಬಡತನವಿಲ್ಲ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೆಯ ಶತಮಾನದಲ್ಲಿಯೇ, ದೋಸೆಯ ಪೂರ್ವಜನ ಹೆಸರು ಸಿಕ್ಕುತ್ತದೆ. ಕನ್ನಡದಲ್ಲಿ ಮಂಗರಸನ ‘ಸೂಪಶಾಸ್ತ್ರ’ವುಂಟು. ಆದರೆ ಕಾವಲಿ ಪಳಗಿಸುವ ವಿದ್ಯೆ ನಮ್ಮ ಮನೆಗಳಿಗೆ ಬಂದದ್ದು ಓಲೆಗರಿಯಿಂದಲ್ಲ, ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ, ಕೈಯಿಂದ ಕೈಗೆ. ಮನೆಯಲ್ಲಿ ಒಮ್ಮೆ ಪಳಗಿದ ಕಾವಲಿ ಎರಡು ತಲೆಮಾರು ನಡೆಯುತ್ತಿದ್ದುದರಿಂದ, ಹೊಸತನ್ನು ಪಳಗಿಸುವ ಪ್ರಸಂಗ ಒಬ್ಬ ಹೆಂಗಸಿನ ಬಾಳಿನಲ್ಲಿ ಒಮ್ಮೆಯೋ ಎರಡು ಸಲವೋ ಬಂದರೆ ಹೆಚ್ಚು. ಆ ಒಂದು ಸಲ ಹೇಳಿಕೊಡುವವರು ಪಕ್ಕದಲ್ಲಿ ಇಲ್ಲದಿದ್ದರೆ ಎಳೆ ಅಲ್ಲಿಗೆ ಕಡಿಯಿತು.

ಈಗ ಕಾರಣಕ್ಕೆ ಬರೋಣ. ಪಳಗಿಸುವುದೆಂದರೆ ಕಾವಲಿಗೆ ಎಣ್ಣೆ ಬಳಿಯುವುದು ಎಂದು ಬಹುಮಂದಿ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಬಳಿದ ಎಣ್ಣೆ ಎಣ್ಣೆಯಾಗಿಯೇ ಉಳಿದರೆ ಕಾವಲಿ ಪಳಗಲಿಲ್ಲವೆಂದೇ ಅರ್ಥ. ಎಣ್ಣೆಯ ಕಣಗಳು ಉದ್ದುದ್ದನೆಯ ಸರಪಳಿಗಳಂತೆ ಇರುತ್ತವೆ. ಬೇರೆಯ ಕಣದೊಡನೆ ಕೈ ಕೂಡಿಸಲು ಸಿದ್ಧವಾಗಿರುವ ಕೊಂಡಿಗಳು ಕೆಲವು ಎಣ್ಣೆಗಳ ಸರಪಳಿಯಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಮೆ. ತೆಳುವಾಗಿ ಹರಡಿದ ಎಣ್ಣೆ ಚೆನ್ನಾಗಿ ಕಾಯ್ದಾಗ, ಗಾಳಿಯ ಆಮ್ಲಜನಕದ ನೆರವಿನಿಂದ ಈ ಕೊಂಡಿಗಳು ಒಂದನ್ನೊಂದು ಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಆಗ ದ್ರವವಾಗಿದ್ದದ್ದು ಗಟ್ಟಿಯಾದ ಒಂದು ಪೊರೆಯಾಗಿ, ತಗ್ಗು ದಿಣ್ಣೆಗಳನ್ನು ತುಂಬಿ, ಕಬ್ಬಿಣಕ್ಕೆ ಅಂಟಿಕೊಂಡುಬಿಡುತ್ತದೆ. ಅದು ತೊಳೆದರೆ ಹೋಗದು, ಒರೆಸಿದರೆ ಬಟ್ಟೆಗೆ ಹತ್ತದು. ಕಾವಲಿಗೆ ಅದೇ ಚರ್ಮ. ಸಂಸ್ಕೃತದಲ್ಲಿ ಎಣ್ಣೆಗೂ ಗೆಳೆತನಕ್ಕೂ ‘ಸ್ನೇಹ’ ಎಂಬ ಒಂದೇ ಶಬ್ದವಿರುವುದು ತಮಗೆ ತಿಳಿದಿದೆ. ತರಗತಿಯಲ್ಲಿ ಈ ಶಬ್ದ ಬಂದಾಗಲೆಲ್ಲ ನನಗೆ ನೆನಪಾಗುವುದು ಕಾವಲಿಯೇ.

ಹಾಗಾದರೆ ಯಾವ ಎಣ್ಣೆ? ಆ ಕೊಂಡಿಗಳ ಲೆಕ್ಕವನ್ನು ರಸಾಯನಶಾಸ್ತ್ರದವರು ಅಯೋಡಿನ್ ಮೌಲ್ಯವೆಂಬ ಅಂಕದಿಂದ ಅಳೆಯುತ್ತಾರೆ. ಕೊಬ್ಬರಿ ಎಣ್ಣೆಗೆ ಅದು 10ರ ಆಸುಪಾಸು. ಕಡಲೆಕಾಯಿ ಎಣ್ಣೆಗೆ 90ರ ಆಸುಪಾಸು. ಎಳ್ಳೆಣ್ಣೆಗೆ 100ರ ಮೇಲೆ. ಅಗಸೆ ಎಣ್ಣೆಗೆ 170ರ ಮೇಲೆ. ಅಂಕ ದೊಡ್ಡದಾದಷ್ಟೂ ಪೊರೆ ಬೇಗ ಕಟ್ಟುತ್ತದೆ. ಅಂದಮೇಲೆ ಅಗಸೆಯೇ ಶ್ರೇಷ್ಠವಲ್ಲವೆ ಎಂದರೆ, ಅಲ್ಲ. ಅದರ ಪೊರೆ ಗಾಜಿನಂತೆ ಗಡುಸಾಗಿ, ಕೆಲವು ಸಲ ಹಕ್ಕಳೆಯೆದ್ದು ಉದುರುವುದುಂಟು. ಬಣ್ಣದ ಅಂಗಡಿಯಲ್ಲಿ ಸಿಕ್ಕುವ ಕಾಸಿದ ಅಗಸೆ ಎಣ್ಣೆಯನ್ನಂತೂ ಅಡುಗೆಮನೆಯ ಹೊಸ್ತಿಲೊಳಗೆ ತರಬಾರದು. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಎಳ್ಳೆಣ್ಣೆ, ಇಲ್ಲವೆ ಕಡಲೆಕಾಯಿ ಎಣ್ಣೆ, ನಮ್ಮ ಹಿರಿಯರು ಹಿಡಿದ ದಾರಿಯೇ ಸರಿ. ಕರಾವಳಿಯವರು ಕೊಬ್ಬರಿ ಎಣ್ಣೆಯಲ್ಲಿಯೇ ಪಳಗಿಸುತ್ತಾರಲ್ಲ ಎಂದು ಯಾರಾದರೂ ಕೇಳಿದರೆ, ಪಳಗಿಸುತ್ತಾರೆ, ಆದರೆ ತಿಂಗಳುಗಟ್ಟಲೆ ದಿನವೂ ಹುಯ್ದು ಪಳಗಿಸುತ್ತಾರೆ ಎಂದು ಉತ್ತರ. ತುಪ್ಪ ಈ ಕೆಲಸಕ್ಕೆ ಒದಗದು. ಅದು ದೋಸೆಯ ಮೇಲಿರಲಿ.

ಕ್ರಮ ಹೀಗೆ. ಹೊಸ ಕಾವಲಿಗೆ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರು ಮೇಣವನ್ನೋ ಯಂತ್ರದ ಎಣ್ಣೆಯನ್ನೋ ಸವರಿ ಕಳಿಸಿರುತ್ತಾರೆ. ಅದು ಹೊಟ್ಟೆಗೆ ಹೋಗತಕ್ಕದ್ದಲ್ಲ. ಬಿಸಿನೀರು, ಸೀಗೆಪುಡಿ ಅಥವಾ ಪಾತ್ರೆಯ ಸಾಬೂನು, ಒಂದು ಒರಟು ತೆಂಗಿನ ನಾರು, ಇಷ್ಟರಿಂದ ಎರಡೂ ಮುಖಗಳನ್ನು, ಹಿಡಿಯ ಸಂದುಗಳನ್ನು ಕೂಡ, ಚೆನ್ನಾಗಿ ಉಜ್ಜಿ ತೊಳೆಯಬೇಕು. ಹಲವು ಮನೆಗಳಲ್ಲಿ ಇದಾದ ಮೇಲೆ ಎರಡು ಮೂರು ದಿನ ಅಕ್ಕಚ್ಚಿನಲ್ಲಿ, ಅಂದರೆ ಅಕ್ಕಿ ತೊಳೆದ ನೀರಿನಲ್ಲಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ನೆನೆಹಾಕುವ ವಾಡಿಕೆಯುಂಟು. ಮಸಿಯೂ ಜಿಡ್ಡೂ ಬಿಡುವುದಕ್ಕೆ ಅದು ಸಹಾಯಕ. ಆದರೆ ನೀರಿನಿಂದ ತೆಗೆದ ಗಳಿಗೆಯಲ್ಲೇ ಒಣಗಿಸದಿದ್ದರೆ ಅದೇ ತುಕ್ಕಿಗೆ ದಾರಿ. ಒರೆಸಿ ಬಿಟ್ಟರೆ ಸಾಲದು. ಸಣ್ಣ ಉರಿಯ ಮೇಲಿಟ್ಟು ತೇವದ ಹೆಸರಿಲ್ಲದಂತೆ ಆರಿಸಬೇಕು. ಇತ್ತೀಚೆಗೆ ಕಾರ್ಖಾನೆಯಲ್ಲಿಯೇ ಪಳಗಿಸಿ ತಂದದ್ದೆಂದು ಹೇಳಿ ಮಾರುವ ಕಪ್ಪು ಕಾವಲಿಗಳೂ ಬಂದಿವೆ. ಅಂಥದನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಮುಂದಿನ ಕೆಲಸವನ್ನು ಒಂದೆರಡು ಆವೃತ್ತಿ ಮಾಡಿಕೊಂಡರೆ ನಷ್ಟವಿಲ್ಲ.

ಇನ್ನು ಎಣ್ಣೆ. ಕಾವಲಿ ಕೈಗೆ ಬೆಚ್ಚಗೆ ತಾಗುವಷ್ಟು ಕಾಯ್ದಿರುವಾಗ ಒಂದು ಸಣ್ಣ ಚಮಚದಷ್ಟು ಎಣ್ಣೆ ಹಾಕಿ, ಮೇಲೆ ಕೆಳಗೆ ಅಂಚು ಹಿಡಿ ಎಲ್ಲಕ್ಕೂ ಸವರಬೇಕು. ಆಮೇಲೆ ಇನ್ನೊಂದು ಒಣ ಹತ್ತಿಬಟ್ಟೆಯನ್ನು ತೆಗೆದುಕೊಂಡು, ಎಣ್ಣೆ ಹಾಕಿದ್ದೇ ತಪ್ಪಾಯಿತೇನೋ ಎಂಬಂತೆ ಅಷ್ಟನ್ನೂ ಒರೆಸಿ ತೆಗೆಯಬೇಕು. ಇಡೀ ಕೆಲಸದ ಗುಟ್ಟಿರುವುದು ಇಲ್ಲಿ. ಬಹುಮಂದಿ ಎಡವುವುದೂ ಇಲ್ಲಿಯೇ. ಹೆಚ್ಚು ಎಣ್ಣೆ ಹಾಕಿದರೆ ಹೆಚ್ಚು ಪಳಗೀತು ಎಂಬ ಆಸೆಯಿಂದ ಕಾವಲಿಯಲ್ಲಿ ಎಣ್ಣೆ ನಿಲ್ಲಿಸಿ ಕಾಸುತ್ತಾರೆ. ದಪ್ಪನಾಗಿ ನಿಂತ ಎಣ್ಣೆಯ ಒಳಪದರಕ್ಕೆ ಗಾಳಿ ತಾಕದು. ಅದು ಪೊರೆಯಾಗದೆ ಹಲಸಿನ ಮೇಣದಂತೆ ಅಂಟಂಟಾಗಿ ಉಳಿಯುತ್ತದೆ. ಹಾಗಾದ ಕಾವಲಿಯನ್ನು ಮತ್ತೆ ಉಜ್ಜಿ ಮೊದಲಿಂದ ಆರಂಭಿಸದೆ ಗತ್ಯಂತರವಿಲ್ಲ.

ಒರೆಸಿದ ಮೇಲೆ ಉರಿಯನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋಗಬೇಕು. ಬೀಡು ಶಾಖವನ್ನು ಹರಡುವುದರಲ್ಲಿ ಸೋಮಾರಿ. ಅಲ್ಯೂಮಿನಿಯಮ್ ಅದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಚುರುಕು. ಗ್ಯಾಸಿನ ಒಲೆಯಲ್ಲಿ ಉರಿಯ ಬಳೆಯಿರುವಷ್ಟು ಜಾಗ ಕಾಯ್ದು ಅಂಚು ತಣ್ಣಗಿರುತ್ತದೆ. ಆದ್ದರಿಂದ ಇಕ್ಕಳದಲ್ಲಿ ಹಿಡಿದು ಕಾವಲಿಯನ್ನು ಆಗಾಗ ಸರಿಸಿ ತಿರುಗಿಸುತ್ತಿರಬೇಕು. ಸೌದೆಯ ಒಲೆಯಿದ್ದವರು ಉರಿಗಿಂತ ಕೆಂಡವನ್ನು ನಂಬುವುದು ಮೇಲು. ಇಂಡಕ್ಷನ್ ಒಲೆಯಲ್ಲಿ ಒಮ್ಮೆಗೇ ಹೆಚ್ಚಿನ ಅಂಕಕ್ಕೆ ತಿರುಗಿಸಿದರೆ ನಡು ಕಾಯ್ದು ಹಿಗ್ಗಿ, ಅಂಚು ಹಾಗೆಯೇ ಉಳಿದು, ಬೀಡು ಸೀಳಿದರೂ ಸೀಳಬಹುದು. ಮನೆಯಲ್ಲಿ ದೊಡ್ಡ ಓವನ್ ಇದ್ದವರಿಗೆ ಎಲ್ಲಕ್ಕಿಂತ ಸುಲಭ: ಕಾವಲಿಯನ್ನು ಬೋರಲು ಹಾಕಿ 220, 230 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟು, ಅಲ್ಲಿಯೇ ಆರಲು ಬಿಡುವುದು.

ಕಾಯ್ದ ಕಾವಲಿಯಿಂದ ತೆಳ್ಳನೆಯ ಹೊಗೆ ಏಳುತ್ತದೆ. ಹೊಗೆ ಕಂಡೊಡನೆ ಹೆದರಿ ಇಳಿಸಬಾರದು; ಅದು ತಾನಾಗಿ ಕಡಮೆಯಾಗುವ ತನಕ ಕಾಯಬೇಕು. ಆಮೇಲೆ ಒಲೆ ಆರಿಸಿ, ಕಾವಲಿಯನ್ನು ಅಲ್ಲಿಯೇ ತಣಿಯಬಿಡಬೇಕು. ಇದು ಒಂದು ಆವೃತ್ತಿ. ಇಂಥ ಆವೃತ್ತಿಗಳು ಐದಾರು ಬೇಕು. ಒಂದೇ ದಿನ ಆಗಬೇಕೆಂದಿಲ್ಲ, ದಿನಕ್ಕೊಂದರಂತೆ ಆದರೂ ಸರಿಯೇ. ಎದುರುಮನೆಯ ಅಜ್ಜಿಯ ಒಂದು ವಾರದ ಲೆಕ್ಕ ಇದೇ. ಬೂದು ಬಣ್ಣದ ಕಾವಲಿ ಮೊದಲು ಕಂದಾಗುತ್ತದೆ, ಆಮೇಲೆ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗುತ್ತದೆ, ದಿನ ಕಳೆದಂತೆ ಕಾಡಿಗೆಯಂತಾಗುತ್ತದೆ. ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಕಂಡರೆ ಚಿಂತೆಯಿಲ್ಲ. ಮುಂದಿನ ಅಡುಗೆಗಳಲ್ಲಿ ಅದು ಕೂಡಿಕೊಳ್ಳುತ್ತದೆ.

ಇದನ್ನು ಮಾಡುವಾಗ ಕಿಟಕಿ ಬಾಗಿಲುಗಳು ತೆರೆದಿರಲಿ. ಗೂರಲಿನವರು, ಎಳೆಯ ಮಕ್ಕಳು ಆ ಹೊತ್ತು ಅಡುಗೆಮನೆಯ ಕಡೆ ಬಾರದಿರಲಿ. ಕಾವಲಿಯನ್ನು ಒಲೆಯ ಮೇಲೆ ಬಿಟ್ಟು ಟೆಲಿಫೋನಿಗೆ ಓಗೊಡಲು ಹೋಗುವುದು ಬೇಡ. ಅಕಸ್ಮಾತ್ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಕೂಡದು. ಒಲೆ ಆರಿಸಿ, ಅಗಲವಾದ ಒಂದು ಲೋಹದ ತಟ್ಟೆಯನ್ನು ಮುಚ್ಚಿದರೆ ಗಾಳಿಯಿಲ್ಲದೆ ಅದು ನಂದುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯದೆ ಹರಡಿ ಒಣಗಿಸಿ, ಇಲ್ಲವೆ ತೊಳೆದುಬಿಡಿ.

ಪಳಗಿದ ಕಾವಲಿಯ ಮೇಲೆ ಮೊದಲು ಏನು ಮಾಡಬೇಕು ಎಂಬುದೂ ವಿಚಾರಿಸಬೇಕಾದ್ದೇ. ನೀರು ದೋಸೆಯನ್ನು ಮೊದಲ ದಿನ ಹುಯ್ಯಲು ಹೋಗಬೇಡಿ. ತೆಳುವಾದ ಅಕ್ಕಿಹಿಟ್ಟಿಗಿಂತ ಕಠಿಣವಾದ ಪರೀಕ್ಷೆ ಕಾವಲಿಗೆ ಇನ್ನೊಂದಿಲ್ಲ. ಧಾರಾಳವಾಗಿ ಎಣ್ಣೆ ಹಾಕಿ ಒಂದೆರಡು ಈರುಳ್ಳಿ ಹುರಿಯಿರಿ. ಮರುದಿನ ದಪ್ಪನೆಯ ದೋಸೆ, ಅಂಚಿಗೆಲ್ಲ ಎಣ್ಣೆ ಬಿಟ್ಟು. ಹೀಗೆ ಎಂಟು ಹತ್ತು ದಿನ ಸಾಗಲಿ. ಅರ್ಧ ಕೊಯ್ದ ಈರುಳ್ಳಿಯನ್ನೋ ಬದನೆಕಾಯಿಯ ತೊಟ್ಟನ್ನೋ ಬಾಳೆದಿಂಡಿನ ತುಂಡನ್ನೋ ಎಣ್ಣೆಯಲ್ಲಿ ಅದ್ದಿ ಸವರುವುದನ್ನು ಎಲ್ಲರೂ ನೋಡಿದ್ದೇವೆ. ಇವುಗಳಲ್ಲಿ ಮಂತ್ರಶಕ್ತಿಯೇನೂ ಇಲ್ಲ. ಬೇಕಾದಷ್ಟೇ ಎಣ್ಣೆಯನ್ನು ತೆಳುವಾಗಿ ಹರಡುತ್ತವೆ, ಬಿಸಿಗೆ ಕರಗುವುದಿಲ್ಲ, ಕೈ ಸುಡುವುದಿಲ್ಲ. ಕುಂಚಕ್ಕೆ ಇರಬೇಕಾದ ಗುಣಗಳೆಲ್ಲ ಅವಕ್ಕಿವೆ.

ಹದ ನೋಡುವುದಕ್ಕೆ ನೀರು ಚಿಮುಕಿಸುತ್ತೇವಲ್ಲ, ಅದರ ಹಿಂದೆಯೂ ಸ್ವಾರಸ್ಯವಾದ ಸಂಗತಿಯಿದೆ. ಸಾಧಾರಣವಾಗಿ ಕಾಯ್ದ ಕಾವಲಿಯ ಮೇಲೆ ಹನಿ ಚುರ್ರೆಂದು ಆವಿಯಾಗುತ್ತದೆ. ಶಾಖ ಸುಮಾರು 200 ಡಿಗ್ರಿಯನ್ನು ಮುಟ್ಟಿದರೆ ಅದೇ ಹನಿ ಮುತ್ತಿನಂತೆ ಉಂಡೆಗಟ್ಟಿ ಓಡಾಡತೊಡಗುತ್ತದೆ. ಅಡಿಯಲ್ಲಿ ಎದ್ದ ಆವಿಯೇ ಹಾಸಿಗೆಯಾಗಿ ಹನಿಯನ್ನು ಎತ್ತಿ ಹಿಡಿಯುವುದರಿಂದ ಹೀಗಾಗುತ್ತದೆ. ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯ 1756ರಲ್ಲಿ ಇದನ್ನು ವಿವರಿಸಿ ಬರೆದದ್ದರಿಂದ ಅವನ ಹೆಸರೇ ಇದಕ್ಕೆ ನಿಂತಿದೆ. ಹನಿ ಓಡಿತೆಂದರೆ ಹಿಟ್ಟಿಗೆ ಕಾವು ಹೆಚ್ಚಾಯಿತು, ಉರಿ ತಗ್ಗಿಸಿ ಎಂದು ನಮ್ಮ ಅಡುಗೆಯವರು ತಿಳಿಯುವುದು ಸರಿಯಾದದ್ದೇ. ಚಿಮುಕಿಸಿದರೆ ಕಾವಲಿಗೆ ತೊಂದರೆಯಿಲ್ಲ. ಕಾಯ್ದ ಬೀಡಿನ ಮೇಲೆ ಒಂದು ಚೊಂಬು ತಣ್ಣೀರು ಸುರಿದರೆ ಅದು ಬಿರಿಯುವ ಅಪಾಯವುಂಟು.

ಈ ವಿದ್ಯೆ ನಮ್ಮ ಸೀಮೆಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬೇಕಾದ್ದಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಒಂದು ಬಗೆಯ ಒಲೆಯ ವಿಚಾರ ಹೇಳುತ್ತಿದ್ದ. ಪೀಪಾಯಿಯಂಥ ಉಕ್ಕಿನ ಗೂಡು. ಒಂದು ಬದಿಯಲ್ಲಿ ಓಕ್ ಮರದ ಸೌದೆ ಸಣ್ಣಗೆ ಉರಿಯುತ್ತಿರುತ್ತದೆ. ಅದರ ಹೊಗೆಯಲ್ಲಿ, 110, 120 ಡಿಗ್ರಿಯ ಮಂದ ಶಾಖದಲ್ಲಿ, ಮಾಂಸವನ್ನು ಹತ್ತು ಹನ್ನೆರಡು ಗಂಟೆಗಳ ಕಾಲ ಬೇಯಿಸುತ್ತಾರಂತೆ. ಸ್ಮೋಕರ್ ಎಂದು ಅದಕ್ಕೆ ಹೆಸರು. ಮಾಂಸದ ವಿಚಾರ ನನ್ನದಲ್ಲ, ಕಬ್ಬಿಣದ ವಿಚಾರ ನನ್ನದು. ಹೊಸ ಗೂಡನ್ನು ತಂದವರು ಅದರಲ್ಲಿ ಒಡನೆಯೇ ಅಡುಗೆಗೆ ತೊಡಗುವುದಿಲ್ಲ. ಒಳಮೈಗೆಲ್ಲ ಅಡುಗೆಯ ಎಣ್ಣೆಯನ್ನು ತೆಳುವಾಗಿ ಸವರಿ, ಏನನ್ನೂ ಇಡದೆ, ಅಡುಗೆಗೆ ಬೇಕಾದುದಕ್ಕಿಂತ ಹೆಚ್ಚಿನ ಶಾಖದಲ್ಲಿ ಎರಡು ಮೂರು ಗಂಟೆ ಉರಿಸುತ್ತಾರೆ. ಕಾರ್ಖಾನೆಯ ಜಿಡ್ಡು ಸುಟ್ಟುಹೋಗಬೇಕು, ಬಯಲಲ್ಲಿ ನಿಲ್ಲುವ ಗೂಡಿಗೆ ತುಕ್ಕು ಹಿಡಿಯದಂತೆ ಪೊರೆ ಕಟ್ಟಬೇಕು, ಇವೇ ಎರಡು ಉದ್ದೇಶ. ಎಣ್ಣೆ ಹೆಚ್ಚಾದರೆ ಅಂಟಾಗುತ್ತದೆಂದು ಅವರೂ ಹೇಳುತ್ತಾರಂತೆ. ಹುಡುಗ ಅದನ್ನು ಹೊಸ ಸಂಗತಿಯೆಂಬಂತೆ ವರ್ಣಿಸಿದ. ಅವನ ಅಜ್ಜಿಯ ಮನೆಯ ಗೋಡೆಯಲ್ಲಿ ಅಂಥದೇ ಪೊರೆಯ ಕಾವಲಿ ತೂಗುತ್ತಿತ್ತು.

ಪಳಗಿದ ಮೇಲಿನ ನಡವಳಿಕೆಯ ಬಗ್ಗೆ ಮನೆಮನೆಗಳಲ್ಲಿ ಇರುವ ಕೆಲವು ನಂಬಿಕೆಗಳನ್ನು ನೋಡೋಣ. ದೋಸೆಯ ಕಾವಲಿಯಲ್ಲಿ ಚಪಾತಿ ಬೇಯಿಸಬಾರದು ಎನ್ನುತ್ತಾರೆ. ಇದರಲ್ಲಿ ಹುರುಳುಂಟು. ಚಪಾತಿಗೆ ಎಣ್ಣೆಯಿಲ್ಲದ ಒಣ ಶಾಖ. ಉದುರಿದ ಹಿಟ್ಟು ಕಾವಲಿಯಲ್ಲಿ ಸೀದು ಪೊರೆಯ ಮೇಲೆ ಕೂಡುತ್ತದೆ, ಹೆಚ್ಚಿದ ಕಾವಿಗೆ ಪೊರೆಯೇ ಸುಟ್ಟುಹೋಗುತ್ತದೆ. ಎರಡು ಕಾವಲಿ ಇಟ್ಟುಕೊಳ್ಳುವ ಶಕ್ತಿಯಿದ್ದವರು ಇಟ್ಟುಕೊಳ್ಳಲಿ. ಹುಳಿ ತಾಗಬಾರದು ಎನ್ನುತ್ತಾರೆ, ಅದೂ ನಿಜ. ಹುಣಿಸೆ, ಟೊಮೇಟೊ, ನಿಂಬೆಯ ಹುಳಿ ಪೊರೆಯನ್ನು ಸಡಿಲಿಸಿ ಕಬ್ಬಿಣವನ್ನು ಕರಗಿಸುತ್ತದೆ, ಅಡುಗೆಗೆ ಲೋಹದ ರುಚಿ ಬರುತ್ತದೆ. ಸಾಬೂನು ಸೋಂಕಿದರೆ ಕಾವಲಿ ಕೆಟ್ಟಿತು ಎಂಬ ಮೂರನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಪೊರೆ ಈಗ ಎಣ್ಣೆಯಲ್ಲ. ಎಣ್ಣೆಯಲ್ಲದ್ದನ್ನು ಇಂದಿನ ಮೃದುವಾದ ಸಾಬೂನು ಕರಗಿಸಲಾರದು. ಕೆಡುಕು ಬರುವುದು ತಂತಿಯ ಉಂಡೆಯಿಂದ, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿಡುವುದರಿಂದ. ಇನ್ನು ನಾಲ್ಕನೆಯದು, ಒಬ್ಬರ ಕಾವಲಿ ಇನ್ನೊಬ್ಬರ ಕೈಗೆ ಒಗ್ಗದು ಎಂಬುದು. ಹೆಂಗಸಿನ ಕೈ, ಗಂಡಸಿನ ಕೈ, ಅತ್ತೆಯ ಕೈ, ಸೊಸೆಯ ಕೈ ಎಂಬ ಭೇದ ಕಬ್ಬಿಣಕ್ಕೆ ತಿಳಿಯದು. ಹೋಟೆಲಿನ ದೊಡ್ಡ ಕಾವಲಿಯ ಮುಂದೆ ಬೆಳಿಗ್ಗೆ ಒಬ್ಬ, ಸಂಜೆ ಇನ್ನೊಬ್ಬ ನಿಂತಿರುತ್ತಾನೆ. ದೋಸೆ ಇಬ್ಬರಿಗೂ ಏಳುತ್ತದೆ.

ಮಣ್ಣಿನ ಪಾತ್ರೆಗೂ ಒರಳುಕಲ್ಲಿಗೂ ಇಂಥ ಪೂರ್ವಸಿದ್ಧತೆಯುಂಟೆಂಬುದನ್ನು ಹೇಳಿ ಮುಂದೆ ಹೋಗುತ್ತೇನೆ. ಹೊಸ ಮಡಕೆಯನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಅದರಲ್ಲಿ ಗಂಜಿ ಕುದಿಸುತ್ತಾರೆ. ಗಂಜಿಯ ಪಿಷ್ಟ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಹೊಸ ಒರಳಿನಲ್ಲಿ ತೌಡನ್ನೋ ನೆನೆಸಿದ ಒರಟು ಧಾನ್ಯವನ್ನೋ ಮತ್ತೆ ಮತ್ತೆ ರುಬ್ಬಿ, ಕಲ್ಲುಪುಡಿ ಬರುವುದು ನಿಂತ ಮೇಲೆ ಅಡುಗೆಗೆ ಹಿಡಿಯುತ್ತಾರೆ. ವಿದ್ಯುತ್ ಗ್ರೈಂಡರಿನಲ್ಲಿರುವುದೂ ಕಲ್ಲೇ ಎಂಬುದನ್ನು ಕೊಂಡವರು ಮರೆಯಬಾರದು.

ಕಡೆಯದಾಗಿ ಅಟ್ಟದ ಮೇಲಿನ ಹಳೆಯ ಕಾವಲಿ. ತಮ್ಮಲ್ಲಿ ಅನೇಕರ ಮನೆಗಳಲ್ಲಿ ಅಜ್ಜಿಯದೋ ತಾಯಿಯದೋ ಕಾವಲಿಯೊಂದು ಕೆಂಪಗೆ ತುಕ್ಕು ಹಿಡಿದು ಬಿದ್ದಿರಬಹುದು. ಗುಜರಿಯವನನ್ನು ಕೂಗುವ ಮೊದಲು ಅದನ್ನು ಇಳಿಸಿ, ಹಿಡಿಗೆ ದಾರ ಕಟ್ಟಿ ತೂಗಿಬಿಟ್ಟು, ಮರದ ಸೌಟಿನಿಂದ ಮೆಲ್ಲಗೆ ತಟ್ಟಿ ನೋಡಿ. ಗಂಟೆಯಂತೆ ನಾದ ಬಂದರೆ ಜೀವವಿದೆ. ಬಡಕಲು ದನಿ ಬಂದರೆ ಎಲ್ಲಿಯೋ ಸೀಳಿದೆ, ಅದಕ್ಕೆ ಉಪಾಯವಿಲ್ಲ. ತುಕ್ಕು ಮಾತ್ರವಾದರೆ ಹುಣಿಸೆಹಣ್ಣಿನ ಗಟ್ಟಿನೀರನ್ನು ಬಳಿದು ಅರ್ಧ ಗಂಟೆ ಬಿಟ್ಟು ಉಜ್ಜಿ. ಮೇಲೆ ಬೇಡವೆಂದ ಹುಳಿ, ತಂತಿಯ ಉಂಡೆ ಎರಡಕ್ಕೂ ಇಲ್ಲಿ ಕೆಲಸವುಂಟು. ಹುಳಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ, ತುಕ್ಕಿನ ತರುವಾಯ ಅದು ಲೋಹವನ್ನೇ ತಿನ್ನತೊಡಗುತ್ತದೆ. ಬೂದು ಬಣ್ಣದ ಮೈ ಕಂಡ ಕೂಡಲೇ ತೊಳೆದು, ಉರಿಯ ಮೇಲೆ ಒಣಗಿಸಿ, ಹೊಸ ಕಾವಲಿಗೆ ಹೇಳಿದ ಕ್ರಮವನ್ನೇ ಹಿಡಿಯಿರಿ. ಹಳೆಯ ಕಾವಲಿಯ ಮೈ ವರ್ಷಾನುಗಟ್ಟಲೆ ಮಗುಚುವ ಕೈಯ ಸವೆತದಿಂದ ಮೊದಲೇ ನುಣುಪಾಗಿರುವುದರಿಂದ, ಹೊಸದಕ್ಕಿಂತ ಬೇಗ ಹದಕ್ಕೆ ಬರುತ್ತದೆ.

ಮಲೆನಾಡಿನವರೂ ಕರಾವಳಿಯವರೂ ಮಳೆಗಾಲದಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ದಿನವೂ ಬಳಸುವ ಕಾವಲಿಗೆ ಭಯವಿಲ್ಲ. ವಾರಗಟ್ಟಲೆ ಎತ್ತಿಡುವುದಾದರೆ ಬೆಚ್ಚಗೆ ಮಾಡಿ, ಬೆರಳಿಗೆ ಹತ್ತಿಯೂ ಹತ್ತದಷ್ಟು ಎಣ್ಣೆ ಸವರಿ, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ, ಒಲೆಯ ಮೇಲ್ಗಡೆಯ ಮೊಳೆಗೆ ತೂಗುಹಾಕಿ. ಸಿಮೆಂಟಿನ ಗೋಡೆಗೆ ಒರಗಿಸಿ ಇಡಬೇಡಿ. ಮತ್ತೆ ಇಳಿಸಿದ ದಿನ ಬಿಸಿನೀರಿನಲ್ಲಿ ಒಮ್ಮೆ ತೊಳೆದು, ಕಾಸಿ, ಈರುಳ್ಳಿಯಿಂದ ಎಣ್ಣೆ ಸವರಿ ಹುಯ್ಯಿರಿ. ಮೊದಲನೆಯ ದೋಸೆ ಸ್ವಲ್ಪ ಹಿಡಿದೀತು, ಎರಡನೆಯದು ಏಳುತ್ತದೆ.